ಹತ್ತು ಮಿಲಿಗ್ರಾಂ ಮಲ

ನಮ್ಮ ಲ್ಯಾಬಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಫಿಟ್ ಟೆಸ್ಟ್ (ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವುದು) ಶುರು ಮಾಡಿದಾಗ ಮೊದಲ ಸ್ಯಾಂಪಲ್ ನನ್ನದೇ. 'ಸುಲಭ, ಮನೆಯಲ್ಲೇ ಮಾಡಿ' ಅಂತ ಬೇರೆಯವರಿಗೆ ಹೇಳುವ ಮುಂಚೆ ನಾನೇ ಮಾಡಿ ನೋಡಬೇಕು, ಅಲ್ವಾ? ಮಲ ನೀರಿಗೆ ಬೀಳದ ಹಾಗೆ ಹಿಡಿಯುವುದೇ ಒಂದು ಕಸರತ್ತು. ಆಮೇಲೆ, ಜಾಸ್ತಿ ಇದ್ದರೆ ಒಳ್ಳೆಯದು ಅಂತ ಕಡ್ಡಿ ತುಂಬ ಗೋರಿಕೊಂಡೆ.

ನಮ್ಮ ಟ್ಯೂಬಿಗೆ ಬೇಕಾಗಿದ್ದು ಬರೀ 10 ಮಿಲಿಗ್ರಾಂ. ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳಿರುತ್ತವೆ. ಮಲದ ಮೇಲೆ ನಾಲ್ಕೈದು ಕಡೆ ಕೆರೆದರೆ ಅವು ತುಂಬುತ್ತವೆ. ಟ್ಯೂಬಿಗೆ ವಾಪಸ್ ತಳ್ಳುವಾಗ ಒಳಗಿನ ಕಿರಿದಾದ ತೂತು ಹೆಚ್ಚಿನದನ್ನು ಒರೆಸಿಬಿಡುತ್ತದೆ. ಗೀರಿನಲ್ಲಿ ಉಳಿದದ್ದು ಮಾತ್ರ 2 ಮಿಲಿಲೀಟರ್ ದ್ರಾವಣಕ್ಕೆ ಸೇರುತ್ತದೆ. ನಾನು ಗೋರಿದ್ದು ಫಿಲ್ಟರಿಗೆ ಮೆತ್ತಿಕೊಂಡು, ಹೊಸ ಮಷಿನ್ ಮೊದಲ ದಿನವೇ ಎರರ್ ತೋರಿಸಿತು.

ಮಷಿನ್ ಹುಡುಕುವುದು ಮನುಷ್ಯರ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಗ್ಲೋಬಿನ್ ಅನ್ನುವ ಪ್ರೋಟೀನ್ ಭಾಗವನ್ನು. ಹಾಗಾಗಿ ಮಲದ ರಕ್ತವನ್ನು ಬಣ್ಣ ಬದಲಾವಣೆಯಿಂದ ತೋರಿಸುವ ಹಳೆಯ ಗ್ವಾಯಕ್ ಟೆಸ್ಟಿನಂತೆ ಮಾಂಸ ಬಿಡಿ, ವಿಟಮಿನ್ ಸಿ ಬಿಡಿ ಅನ್ನುವ ಪಥ್ಯವಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಸುರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗುವುದರಿಂದ, ಸಿಕ್ಕಿದ್ದು ಬಹುಮಟ್ಟಿಗೆ ಕೆಳಗಿನ ಕರುಳಿನದ್ದೇ.

ಮುಂದಿನ ಪೆಟ್ಟು ಬೇಸಿಗೆಯಲ್ಲಿ. ಪಾಸಿಟಿವ್‌ಗಳು ಇದ್ದಕ್ಕಿದ್ದಂತೆ ಕಡಿಮೆಯಾದವು. ಒಳ್ಳೆ ಸುದ್ದಿ ಅಂದುಕೊಂಡು ಸುಮ್ನೆ ಇದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಆಮೇಲೆ ಯಾಕೋ ಅನುಮಾನ ಬಂತು. ಒಂದೇ ಪಾಸಿಟಿವ್ ಮಲದಿಂದ ಎರಡು ಟ್ಯೂಬ್ ಮಾಡಿ, ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟೆ. ಮೂರು ದಿನಕ್ಕೆ ಕಿಟಕಿಯ ಟ್ಯೂಬ್ ಕಟ್-ಆಫ್‌ಗಿಂತ, ಅಂದರೆ ಪಾಸಿಟಿವ್ ಅನ್ನುವ ಗಡಿಗಿಂತ, ಕೆಳಗೆ ಇಳಿದಿತ್ತು. ಸೆಖೆಗೆ ಹಿಮೋಗ್ಲೋಬಿನ್ ಕೆಡುತ್ತದೆ, ಅಷ್ಟೇ. ಅಂದಿನಿಂದ ಟ್ಯೂಬಿನ ಮೇಲೆ ಸ್ಯಾಂಪಲ್ ತೆಗೆದ ತಾರೀಖು ಇಲ್ಲದಿದ್ದರೆ ನಾನು ತೆಗೆದುಕೊಳ್ಳುವುದಿಲ್ಲ.

ಯೂನಿಟ್ಟಿನ ಗೊಂದಲವೂ ಇತ್ತು. ನಮ್ಮ ಟ್ಯೂಬಿನಲ್ಲಿ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಅಂದರೆ ಗ್ರಾಂ ಮಲಕ್ಕೆ 20 ಮೈಕ್ರೋಗ್ರಾಂ. ದ್ರಾವಣದ ಅಳತೆ ಬೇರೆಯಿರುವ ಕಿಟ್‌ನಲ್ಲಿ ಅದೇ 100ಕ್ಕೆ ಬೇರೆ ಅರ್ಥ. ಈಗ ರಿಪೋರ್ಟಿನಲ್ಲಿ ಗ್ರಾಂ ಲೆಕ್ಕ ಮಾತ್ರ ಬರೆಯುತ್ತೇವೆ.

'ಡಿಎನ್‌ಎ ಟೆಸ್ಟ್ ಯಾಕಿಲ್ಲ?' ಅಂತ ಕೇಳುವವರಿದ್ದಾರೆ. ಅದರ ಮೊದಲ ಆವೃತ್ತಿಯಲ್ಲಿ ಹಿಮೋಗ್ಲೋಬಿನ್ ಜೊತೆಗೆ ಕೆಆರ್‌ಎಎಸ್ ಜೀನಿನ ಬದಲಾವಣೆ, ಎನ್‌ಡಿಆರ್‌ಜಿ4 ಮತ್ತು ಬಿಎಂಪಿ3 ಜೀನುಗಳ ಮೆಥೈಲೇಷನ್ (ಜೀನಿಗೆ ಅಂಟುವ ರಾಸಾಯನಿಕ ಗುರುತು) ನೋಡುತ್ತಿದ್ದರು. 2014ರಲ್ಲಿ ಪ್ರಕಟವಾದ, ಸುಮಾರು 10,000 ಜನರ ಅಧ್ಯಯನದಲ್ಲಿ ಅದು 100 ಕ್ಯಾನ್ಸರಿಗೆ 92 ಹಿಡಿಯಿತು, ಫಿಟ್ 74. ಆದರೆ ಕ್ಯಾನ್ಸರಾಗಲಿ ದೊಡ್ಡ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು) ಆಗಲಿ ಇಲ್ಲದ 100 ಜನರಲ್ಲಿ 13 ಮಂದಿಗೆ ಪಾಸಿಟಿವ್ ತೋರಿಸಿತು, ಫಿಟ್ 5 ಮಂದಿಗೆ. ಕೆಲಸವೂ ಜಾಸ್ತಿ. ಮಲದಲ್ಲಿರುವ ಡಿಎನ್‌ಎ ಬಹುಪಾಲು ಬ್ಯಾಕ್ಟೀರಿಯಾದ್ದು, ಮನುಷ್ಯರದ್ದನ್ನು ಅದರೊಳಗಿಂದ ಹೆಕ್ಕಬೇಕು. ಪಾಸಿಟಿವ್ ಬಂದವರಿಗೆ ಮಾಡುವ ಕೊಲೊನೋಸ್ಕೋಪಿಗೆ (ಕ್ಯಾಮೆರಾ ನಳಿಗೆಯಿಂದ ಕರುಳಿನ ಒಳಗೆ ನೋಡುವುದು) ಸರದಿ ಉದ್ದ ಇರುವ ಕಡೆ ನನ್ನ ಓಟು ಇವತ್ತಿಗೂ ಫಿಟ್‌ಗೇ, ಅದೂ ವರ್ಷ ವರ್ಷ ಮಾಡಿಸಿದರೆ.

ಒಬ್ಬರಿಗೆ ಗ್ರಾಂ ಲೆಕ್ಕದಲ್ಲಿ 27 ಬಂತು, ಅಂದರೆ ಪಾಸಿಟಿವ್. "ಇದು ಮೂಲವ್ಯಾಧಿ ರಕ್ತ ಮೇಡಂ, ಇನ್ನೊಂದು ಸಲ ಮಾಡಿಬಿಡಿ" ಅಂದರು. ನಾನು ಒಪ್ಪಲಿಲ್ಲ. ಪಾಲಿಪ್ ದಿನಾ ರಕ್ತ ಸುರಿಸುವುದಿಲ್ಲ. ಎರಡನೇ ಸಲ ನೆಗೆಟಿವ್ ಬಂದರೂ ಮೊದಲಿನದು ಅಳಿಯುವುದಿಲ್ಲ, ಕೊಲೊನೋಸ್ಕೋಪಿಯೇ ಆಗಬೇಕು ಅಂದೆ. ಗೊಣಗುತ್ತಲೇ ಹೋಗಿ ಮಾಡಿಸಿಕೊಂಡರು. ಮೂಲವ್ಯಾಧಿ ಇದ್ದದ್ದು ನಿಜ. ಅದರಾಚೆ ಒಂದು ಪಾಲಿಪ್ ಕೂಡ ಇತ್ತು.