ಬಫರ್ ಇಳಿಸೋ ಹುಚ್ಚು ಬಿಟ್ಟ ಮೇಲೆ ಲೇಟೆನ್ಸಿ ಕಾಟ ಹೋಯ್ತು: ನನ್ನ ಅನುಭವ

ಚಿಕ್ಕಮಗಳೂರಲ್ಲಿ ನಮ್ಮನೆ ಮಹಡಿ ರೂಮಲ್ಲೇ ರೆಕಾರ್ಡಿಂಗ್ ಮಾಡ್ತೀನಿ, ಹೆಚ್ಚಾಗಿ ಭಜನೆ, ಭಾವಗೀತೆ, ಆಗಾಗ ತಬಲಾ. ಹೋದ ವರ್ಷ ಮಳೆಗಾಲದಲ್ಲಿ ಒಬ್ಬರು ಅಕ್ಕ ಹಾಡೋಕೆ ಬಂದ್ರು, ಪಲ್ಲವಿ ಮುಗಿಯೋ ಮುಂಚೆನೇ ಹೆಡ್‌ಫೋನ್ ತೆಗೆದಿಟ್ರು. "ನನ್ನ ದನಿ ನನ್ನ ಹಿಂದೆನೇ ಓಡಿ ಬರ್ತಿದೆ ಕಣೋ, ತಾಳ ಹಿಡಿಯೋಕೇ ಆಗ್ತಿಲ್ಲ" ಅಂದ್ರು. ಹಾಡಿದ್ದು ಕಂಪ್ಯೂಟರ್ ಸುತ್ತಿ ಕಿವಿಗೆ ಬರೋಕೆ ಆಗೋ ಈ ತಡಕ್ಕೇ ಲೇಟೆನ್ಸಿ ಅನ್ನೋದು. ಬಫರ್ (ಕಂಪ್ಯೂಟರ್ ಒಂದೊಂದು ಸಲಕ್ಕೆ ತಗೊಳ್ಳೋ ಶಬ್ದದ ತುಂಡು) 512 ಸ್ಯಾಂಪಲ್, ರೇಟ್ ಸೆಕೆಂಡಿಗೆ 44.1 ಸಾವಿರ ಸ್ಯಾಂಪಲ್, ಒಳಗೆ ಹೋಗೋಕೆ 11-12 ಮಿಲಿಸೆಕೆಂಡು, ಹೊರಗೆ ಬರೋಕೆ ಅಷ್ಟೇ, ಡ್ರೈವರ್ ತಿನ್ನೋದೂ ಸೇರಿ ಹತ್ರ ಹತ್ರ 30. ಅಡ್ವಾನ್ಸ್ ತಗೊಂಡಿದ್ದ 1500 ವಾಪಸ್ ಕೊಟ್ಟು ಕಳಿಸ್ದೆ, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಕೇಳಿದವರೆಲ್ಲ ಬಫರ್ ಇಳಿಸು ಅಂದ್ರು. 64ಕ್ಕೆ ಇಳಿಸಿದ್ರೆ ತಡ ಕಮ್ಮಿ, ಆದ್ರೆ ಕಂಪ್ಯೂಟರಿಗೆ ಪುರುಸೊತ್ತು ಸಾಲದೆ ಒಗ್ಗರಣೆಗೆ ಸಾಸಿವೆ ಸಿಡಿದಂಗೆ ಚಟಪಟ. ರ‍್ಯಾಮ್ ಹಾಕಿಸ್ದೆ, ಮೂರೂವರೆ ಸಾವಿರ, ಏನೂ ಬದಲಾಗ್ಲಿಲ್ಲ. 18 ಸಾವಿರ ಕೊಟ್ಟು ಬೇರೆ ಇಂಟರ್‌ಫೇಸ್ (ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಡಬ್ಬ) ತಂದೆ, ಅದೂ ಅಷ್ಟೇ, 13ಕ್ಕೆ ಮಾರ್ದೆ. ಆಮೇಲೆ ಲೇಟೆನ್ಸಿಮಾನ್ (ಕಂಪ್ಯೂಟರಲ್ಲಿ ಯಾವ ಡ್ರೈವರ್ ಅಡ್ಡ ಬರ್ತಿದೆ ಅಂತ ತೋರಿಸೋ ಸಾಫ್ಟ್‌ವೇರ್) ಓಡಿಸಿ ನೋಡಿದ್ರೆ ಕೆಂಪು ತೋರಿಸ್ತಿದ್ದದ್ದು ವೈಫೈ ಡ್ರೈವರ್! ಅದನ್ನ ಡಿಸೇಬಲ್ ಮಾಡಿದ ಮೇಲೆ 128 ತನಕ ಬಂತು, ಆದ್ರೂ ಹತ್ತು ಟ್ರ್ಯಾಕ್ ಆದ್ರೆ ಮತ್ತೆ ಸಿಡಿತ.

ಕೊನೆಗೆ ಹಳೇ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಟನ್ನಿಗೇ (ಮೈಕಿನ ದನಿನ ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನಿಗೆ ಕಳಿಸೋದು) ವಾಪಸ್ ಬಂದೆ. ಹಾಸನದ ಗೆಳೆಯ ಒಬ್ಬ "ಒಣ ದನಿ ಕೇಳ್ಕೊಂಡು ಯಾರು ಹಾಡ್ತಾರೋ ಮಾರಾಯ" ಅಂದ, ಅಂದ್ರೆ ಗುಂಗಿಲ್ಲದ ದನಿ. ಅವನು ಹೇಳಿದ್ದೂ ಸರಿನೇ, ಅದಕ್ಕೇ ನಾನು ಮಾಡಿದ್ದು ಹೀಗೆ: ರೀಪರಲ್ಲಿ (ನಾನು ಬಳಸೋ ರೆಕಾರ್ಡಿಂಗ್ ಸಾಫ್ಟ್‌ವೇರ್) ಹಾಡಿನ ಟ್ರ್ಯಾಕಿಗೆ ಮಾನಿಟರಿಂಗ್ ಆನ್ ಇಟ್ಟು, ಅದು ಮಾಸ್ಟರಿಗೆ ಹೋಗೋ ಟಿಕ್ ತೆಗೆದು, ರಿವರ್ಬ್ (ಗುಂಗು ಸೇರಿಸೋ ಪ್ಲಗಿನ್) ಇರೋ ಟ್ರ್ಯಾಕಿಗೆ ಮಾತ್ರ ಸೆಂಡ್ ಕೊಟ್ಟೆ, ರಿವರ್ಬಲ್ಲಿ ಡ್ರೈ, ಅಂದ್ರೆ ಮೂಲ ದನಿ, ಸೊನ್ನೆ. ನೇರ ದನಿ ಇಂಟರ್‌ಫೇಸಿಂದ ತಕ್ಷಣ ಕಿವಿಗೆ, ಕಂಪ್ಯೂಟರಿಂದ ಬರೋದು ಗುಂಗು ಮಾತ್ರ. 48 ರೇಟಲ್ಲಿ ಬಫರ್ 256 ಇಟ್ರೆ ಆ ಗುಂಗು ಒಂದು 15 ಮಿಲಿಸೆಕೆಂಡ್ ತಡ, ಅದೇ ಪ್ರೀ-ಡಿಲೇ (ದನಿ ಆಗಿ ಗುಂಗು ಶುರುವಾಗೋ ಮುಂಚಿನ ಬಿಡುವು) ಆಗತ್ತೆ, ಪ್ಲಗಿನ್ನಲ್ಲಿ ಇರೋದನ್ನ ಸೊನ್ನೆ ಮಾಡಿದ್ರೆ ಸಾಕು. ಮೊದಲು ಟಿಕ್ ತೆಗೆಯೋದು ಮರೆತು ಎರಡೂ ದನಿ ಒಟ್ಟಿಗೆ ಬಂದು ಬಾವಿಯೊಳಗೆ ನಿಂತು ಹಾಡಿದಂಗೆ ಕೇಳಿಸ್ತಿತ್ತು, ಅದಕ್ಕೇ ಎರಡು ದಿನ ಹೋಯ್ತು. 

ಅದೇ ಅಕ್ಕ ದೀಪಾವಳಿ ಕಳೆದು ಬಂದ್ರು. ಒಂದೇ ಮಧ್ಯಾಹ್ನ ನಾಲ್ಕು ಹಾಡು.

ಇಷ್ಟಾದ್ರೂ ಹಾಡು ತಬಲಾಕ್ಕಿಂತ ಕೂದಲೆಳೆ ಹಿಂದೆ ಕೂತಂಗೆ ಅನ್ನಿಸ್ತಿತ್ತು. ಔಟ್‌ಪುಟ್ಟಿಂದ ಲೈನ್ ಇನ್‌ಪುಟ್ಟಿಗೆ ಒಂದು ಕೇಬಲ್ ಹಾಕಿ, ಕ್ಲಿಕ್ ಪ್ಲೇ ಮಾಡಿ ಅದನ್ನೇ ರೆಕಾರ್ಡ್ ಮಾಡಿ, ಝೂಮ್ ಮಾಡಿ ಎಣಿಸಿದ್ರೆ 140 ಚಿಲ್ಲರೆ ಸ್ಯಾಂಪಲ್ ತಡ, ಅಂದ್ರೆ ಸುಮಾರು 3 ಮಿಲಿಸೆಕೆಂಡು. ಡ್ರೈವರ್ ಹೇಳೋ ಲೆಕ್ಕಕ್ಕೂ ನಿಜಕ್ಕೂ ಅಷ್ಟು ವ್ಯತ್ಯಾಸ! ಆ ಸಂಖ್ಯೆನ ರೀಪರಿನ ಮ್ಯಾನುಯಲ್ ಆಫ್‌ಸೆಟ್ಟಲ್ಲಿ (ರೆಕಾರ್ಡ್ ಆದದ್ದನ್ನ ಅಷ್ಟು ಸರಿಸಿ ಕೂರಿಸೋ ಸೆಟ್ಟಿಂಗ್) ಹಾಕಿ ಮತ್ತೆ ಅಳೆದೆ, ಕ್ಲಿಕ್ ಮೇಲೆ ಕ್ಲಿಕ್ ಕೂತಿತ್ತು. ಅಳೆಯುವಾಗ ಡೈರೆಕ್ಟ್ ಮಾನಿಟರ್ ಆಫ್ ಮಾಡ್ಲೇಬೇಕು, ಇಲ್ಲಾಂದ್ರೆ ಸುತ್ತು ಹೊಡೆದು ಕಿರುಚತ್ತೆ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿರ್ಬೇಡಿ.

ತಬಲಾದವರಿಗೆ ಸುಮ್ನೆ 10 ಮಿಲಿಸೆಕೆಂಡ್ ತಡ ಕೊಟ್ಟು ನೋಡ್ದೆ, ಗೊತ್ತೇ ಆಗ್ಲಿಲ್ಲ, ಹತ್ತು-ಹನ್ನೊಂದು ಅಡಿ ದೂರದಿಂದ ಶಬ್ದ ಬಂದಷ್ಟೇ ಅದು. ಹಾಡೋರಿಗೆ ಹಾಗಲ್ಲ, ಅವರ ದನಿ ತಲೆಬುರುಡೆ ಒಳಗಿಂದಲೇ ಮೊದಲು ಕೇಳಿಸಿರತ್ತೆ, 10 ಆದ್ರೂ ಟೊಳ್ಳು ಅಂತಾರೆ. ಗಿಟಾರ್ ಆಂಪ್ ಪ್ಲಗಿನ್ ಹಾಕ್ಕೊಂಡು ನುಡಿಸೋರಿಗೆ ಮಾತ್ರ ಈ ದಾರಿ ಆಗಲ್ಲ, ಅವರಿಗೆ ಬೇಕಾದ ದನಿ ಕಂಪ್ಯೂಟರಲ್ಲೇ ಹುಟ್ಟೋದು. ಅವರು ಬಂದಾಗ ಮಿಕ್ಕ ಟ್ರ್ಯಾಕೆಲ್ಲ ಒಂದು ಸ್ಟೀರಿಯೋ ಫೈಲ್ ಮಾಡ್ಕೊಂಡು, ಹೊಸ ಪ್ರಾಜೆಕ್ಟಲ್ಲಿ ಬಫರ್ 64 ಇಟ್ಟು ತಗೋತೀನಿ, ಕಂಪ್ಯೂಟರಿಗೆ ಕೆಲಸ ಕಮ್ಮಿ, ಒಂದೂ ಸಿಡಿಯಲ್ಲ.