ನಾಳೆಯ ಸರಕಿಗೆ ನಿಮ್ಮದೇ ದುಡ್ಡು

ರಾಯಚೂರಿನ ಉಸ್ಮಾನಿಯಾ ಮಾರ್ಕೆಟ್‌ನಲ್ಲಿ ತರಕಾರಿ ಮಾರುವವರಿರಲಿ, ಬಳ್ಳಾರಿ, ಕೊಪ್ಪಳದಲ್ಲಿ ಬಂಡಿ ತಳ್ಳುವವರಿರಲಿ, ದುಡಿಮೆಯಲ್ಲಿ ಯಾರೂ ಕಡಿಮೆಯಿಲ್ಲ. ಆದರೂ ಬೆಳಗಾದರೆ ಸರಕಿಗೆ ಸಾಲ. ಇದು ತಪ್ಪಬೇಕಾದರೆ ನಾಳೆಯ ಖರೀದಿ ದುಡ್ಡು ಇವತ್ತು ರಾತ್ರಿಯೇ ಕೈಯಲ್ಲಿರಬೇಕು.

ಮೊದಲು ಅಸಲು ಎಷ್ಟು ಬಿತ್ತು ನೋಡಿ. ಮಾರ್ಕೆಟ್ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, 25 ಕೆಜಿಯ ಟೊಮೆಟೊ ಬಾಕ್ಸ್ 500 ರೂಪಾಯಿಗೆ ಸಿಕ್ಕಿತು ಅಂದುಕೊಳ್ಳಿ. ಕೆಜಿಗೆ 20. ಹಮಾಲಿ, ಆಟೊ ಅಂತ 50 ಸೇರಿದರೆ 22. ನಮ್ಮ ಬಿಸಿಲಿಗೆ ಮೂರು ಕೆಜಿ ಕೆಟ್ಟು ಹೋದರೆ ಉಳಿದದ್ದಕ್ಕೆ ಕೆಜಿಗೆ 25 ಬಿತ್ತು. ಇದನ್ನು 24ಕ್ಕೆ ಮಾರಿ ಲಾಭ ಅಂದುಕೊಂಡರೆ ದಿನವಿಡೀ ಕೂತು ಕೈಯಿಂದ ಹಾಕಿದ ಹಾಗೆ, ಅಲ್ವಾ?

ರಾತ್ರಿ ಗಲ್ಲಾ ಎಣಿಸುವಾಗ ಫೋನಿಗೆ ಬಂದ ದುಡ್ಡನ್ನೂ ಸೇರಿಸಿ. ಮೊದಲು ಅಸಲು ತೆಗೆದು ಬೇರೆ ಡಬ್ಬಿಗೆ ಹಾಕಿ. ಆಮೇಲೆ ನಿಮ್ಮ ದಿನದ ಕೂಲಿ. ಮನೆ ಖರ್ಚೆಲ್ಲ ಆ ಕೂಲಿಯಲ್ಲೇ ನಡೆಯಲಿ. ಚಹಾಕ್ಕೆ, ಮಕ್ಕಳ ಕೈಗೆ ಅಂತ ಸುಮ್ನೆ ಗಲ್ಲಾದಿಂದ ತೆಗೆಯಬೇಡಿ.

ಉದ್ರಿ ಕೊಟ್ಟರೆ ಬರೆದಿಡಿ. ಹಳೆಯದು ತೀರುವವರೆಗೆ ಹೊಸದು ಬೇಡ.

ಇನ್ನು ದಿನದ ಬಡ್ಡಿ. ಬೆಳಿಗ್ಗೆ 900 ತಗೊಂಡು ಸಂಜೆ 1,000 ಕೊಡುವುದು ಹಗುರ ಅನಿಸುತ್ತದೆ. ತಿಂಗಳಲ್ಲಿ 26 ದಿನ ಹೀಗೇ ನಡೆದರೆ 900 ರೂಪಾಯಿಗೆ ಕಟ್ಟಿದ ಬಡ್ಡಿಯೇ 2,600! ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ 18 ದಿನಕ್ಕೆ ಆ 900 ನಿಮ್ಮದೇ. ಮನೆಯಲ್ಲಿಟ್ಟರೆ ಖರ್ಚಾಗುತ್ತದೆ ಅನ್ನುವವರಿಗೆ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ, ಒಳ್ಳೆಯದು. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆ ಸಂಗ್ರಹದಿಂದ ಶುರುವಾದ ಪದ್ಧತಿ ಅದು. ಕಟ್ಟಿದ ದಿನವೇ ರಸೀದಿ ಕೇಳಿ ಪಡೆಯಿರಿ.

ಅಷ್ಟಾಗಿಯೂ ದೊಡ್ಡ ಮೊತ್ತ ಬೇಕಾದರೆ ಬೀದಿ ವ್ಯಾಪಾರಿಗಳಿಗೆಂದೇ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂ ಸ್ವನಿಧಿ ಸಾಲ ಕೇಳಿ. ಅಡಮಾನ ಬೇಡ. ಈಗ ಮೊದಲ ಸಲದ ಸಾಲ 15,000ದವರೆಗೆ. ಹೊತ್ತಿಗೆ ಸರಿಯಾಗಿ ತೀರಿಸಿದರೆ ಮುಂದೆ 25,000, ಆಮೇಲೆ 50,000. ಹಾಗೆ ಹೊತ್ತಿಗೆ ಕಟ್ಟಿದವರಿಗೆ ವರ್ಷಕ್ಕೆ ಶೇ 7ರ ಬಡ್ಡಿ ಸಹಾಯಧನವೂ ಖಾತೆಗೆ ಬರುತ್ತದೆ. ಬೀದಿ ವ್ಯಾಪಾರಿ ಗುರುತಿನ ಚೀಟಿ ಇಲ್ಲದಿದ್ದರೆ ಮೊದಲು ನಗರಸಭೆ ಅಥವಾ ಪಾಲಿಕೆಯಲ್ಲಿ ವಿಚಾರಿಸಿ. ಹೋಗುವಾಗ ಆಧಾರ್, ಪಾಸ್‌ಬುಕ್ ಜತೆಗಿರಲಿ.