ಅಕ್ಷರ ದೊಡ್ಡದು ಮಾಡಿದರೂ ಒತ್ತು ಕತ್ತರಿಸಬಾರದು ಅಂದ್ರ

ಕಲಬುರಗಿ ಕಡೆ ರೈತರಿಗೆ, ಅಂಗಡಿಯವರಿಗೆ ಆಂಡ್ರಾಯ್ಡ್ ಆ್ಯಪ್ ಮಾಡೋರು ಇಷ್ಟು ಮಾಡ್ರಿ: ಅಕ್ಷರದ ಅಳತೆ ಡಿಪಿಯಲ್ಲಿ (ಅಕ್ಷರದ ಸೆಟ್ಟಿಂಗಿಗೆ ಬದಲಾಗದ ಪರದೆಯ ಅಳತೆ) ಬ್ಯಾಡ, ಎಸ್‌ಪಿಯಲ್ಲಿ (ಆ ಸೆಟ್ಟಿಂಗ್ ಜೊತಿ ಬದಲಾಗೋ ಅಳತೆ) ಕೊಡ್ರಿ, ಬಟನ್ನಿಗೆ ಎತ್ತರ ಗಟ್ಟಿ ಮಾಡದೆ ಕನಿಷ್ಠ 48 ಡಿಪಿ ಅಂತ ಮಾತ್ರ ಹೇಳಿ ಬಿಡ್ರಿ. ಫೋನಿನ ಸೆಟ್ಟಿಂಗ್‌ನಾಗ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಎಸ್‌ಪಿ ತಾನಾಗೇ ಹಿಗ್ಗತದ, ಆಂಡ್ರಾಯ್ಡ್ 14ರಿಂದ 200 ಪರ್ಸೆಂಟ್‌ವರೆಗೂ. ಬಟನ್ನೂ ಅದರ ಜೊತಿಗೆ ಬೆಳೀತದ. ಎತ್ತರ ಗಟ್ಟಿ ಮಾಡಿದರೆ ಹಿಗ್ಗಿದ ಅಕ್ಷರ ಕತ್ತರಿಸಿ ಹೋಗ್ತದ, ಇಂಗ್ಲಿಷ್‌ನಾಗ ಚೆಕ್ ಮಾಡಿದರೆ ಈ ತೊಂದರೆ ಅಷ್ಟಾಗಿ ಕಾಣಂಗಿಲ್ಲ. ಕನ್ನಡಕ್ಕ ಕೆಳಗ ಒತ್ತು ಅದಾವಲ್ಲ, ಜಾಗ ಸಾಲದಿದ್ದರೆ ಮೊದಲು ಹೋಗೋದು ಅವೇ: ‘ತೊಗರಿ ಮಾರುಕಟ್ಟೆ’ ಹೋಗಿ ‘ಮಾರುಕಟೆ’ ಆಗ್ತದ. ‘ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್’ (ಅಕ್ಷರದ ಮ್ಯಾಲ-ಕೆಳಗ ಹೆಚ್ಚಿನ ಜಾಗ ಬಿಡೋ ಆಯ್ಕೆ) ಫಾಲ್ಸ್, ಅಂದ್ರ ಬಂದ್, ಇಟ್ಟಿದ್ದರೂ ಹಿಂಗೇ ಕತ್ತರಿಸಬಹುದು, ಆ ಫಾಲ್ಸ್ ತೆಗೀರಿ. ಪರೀಕ್ಷೆಗೆ ನಮ್ಮ ಮಳಖೇಡದ ‘ರಾಷ್ಟ್ರಕೂಟ’ಕ್ಕಿಂತ ಛಲೋ ಶಬ್ದ ಇಲ್ಲ, ಒತ್ತಿನ ಮ್ಯಾಲ ಒತ್ತು! ಆದರೆ ಪರದೆಯ ಕೆಳಗ ಐದು ಟ್ಯಾಬ್ ಸಾಲಾಗಿ ಇಟ್ಟಲ್ಲಿ ಇದು ನಡೆಯಂಗಿಲ್ಲ, ಅಗಲವೇ ಸಾಲಂಗಿಲ್ಲ. ಅಲ್ಲಿ ಟ್ಯಾಬ್ ಮೂರಕ್ಕ ಇಳಿಸೋದೇ ಸರಿ. ಬ್ಯಾನರ್ ಚಿತ್ರದೊಳಗ ಬರೆದ ಅಕ್ಷರವಂತೂ ಯಾವ ಸೆಟ್ಟಿಂಗಿಗೂ ಹಿಗ್ಗಂಗಿಲ್ಲ, ದರಪಟ್ಟಿ ಚಿತ್ರವಾಗಿ ಹಾಕಬ್ಯಾಡ್ರಿ.